ಚೀನಾದ ಹಬ್ಬದ ಕೈಕೆಲಸ ಕಲಿಯಲು ಹೋಗುವವರಿಗೆ: ಯಾವಾಗ ಹೋಗಬೇಕು, ಏನು ಕೇಳಬೇಕು, ಎಲ್ಲಿ ಕೆಡುತ್ತದೆ

ಚೀನಾದಲ್ಲಿ ಹಬ್ಬದ ಕೈಕೆಲಸ ಕಲಿಯಬೇಕೆಂದಿದ್ದರೆ ಹಬ್ಬದ ದಿನಕ್ಕೆ ಟಿಕೆಟ್ ಮಾಡಿಸಬೇಡಿ. ವಸಂತ ಹಬ್ಬದ, ಅಂದರೆ ಚೀನೀ ಹೊಸವರ್ಷದ, ಹಿಂದಿನ ರಾತ್ರಿಯ ಹೊತ್ತಿಗೆ ಕಿಟಕಿಗೆ ಕೆಂಪು ಕಾಗದದ ಹೂವು ಅಂಟಿಸಿ ಆಗಿರುತ್ತದೆ, ಬಾಗಿಲಿಗೆಂದು ಮಸಿಯಲ್ಲಿ ಬರೆದ ದ್ವಿಪದಿ ಒಣಗಿರುತ್ತದೆ, ಕಲಿಸುವವರು ತಮ್ಮ ಹುಟ್ಟೂರಿಗೆ ಹೋಗಿಬಿಟ್ಟಿರುತ್ತಾರೆ. ಸಣ್ಣಪುಟ್ಟ ಕಾರ್ಯಾಗಾರಗಳು ಮತ್ತೆ ಬಾಗಿಲು ತೆರೆಯಲು ಹಲವು ದಿನ ಬೇಕು. ಕೆಲವು ಹದಿನೈದನೇ ದಿನದ ಲಾಂದ್ರ ಹಬ್ಬ ಮುಗಿಯುವ ತನಕ ಮುಚ್ಚಿರುತ್ತವೆ. ನಿಜವಾದ ಕೆಲಸ ನಡೆಯುವುದು ಚಾಂದ್ರಮಾನ ವರ್ಷದ ಹನ್ನೆರಡನೇ ತಿಂಗಳಲ್ಲಿ. ಉತ್ತರದಲ್ಲಿ ಆ ತಿಂಗಳ 23ಕ್ಕೆ, ದಕ್ಷಿಣದಲ್ಲಿ 24ಕ್ಕೆ ಒಲೆಯ ದೇವರನ್ನು ಬೀಳ್ಕೊಡುತ್ತಾರೆ. ಆ ಆಸುಪಾಸಿನಲ್ಲೇ ಮನೆ ಗುಡಿಸಿ, ಹಳೆಯ ಕಾಗದ ಕಿತ್ತು, ಹೊಸದನ್ನು ತಯಾರು ಮಾಡುತ್ತಾರೆ. ಅದಕ್ಕೆ ಒಂದೆರಡು ವಾರ ಮುಂಚೆ ಹೋದವರಿಗೆ ಸಿಗುವಷ್ಟು ಕೆಲಸ ಹಬ್ಬದ ದಿನ ಹೋದವರಿಗೆ ಸಿಗುವುದಿಲ್ಲ.

ವಸಂತ ಹಬ್ಬ 2026ರಲ್ಲಿ ಫೆಬ್ರವರಿ 17ಕ್ಕೆ, 2027ರಲ್ಲಿ ಫೆಬ್ರವರಿ 6ಕ್ಕೆ ಬರುತ್ತದೆ. ಐದನೇ ತಿಂಗಳ ಐದನೇ ದಿನದ ದುವಾನ್‌ವು, ಅಂದರೆ ಡ್ರ್ಯಾಗನ್ ದೋಣಿ ಹಬ್ಬ, 2026ರಲ್ಲಿ ಜೂನ್ 19, 2027ರಲ್ಲಿ ಜೂನ್ 9. ಎಂಟನೇ ತಿಂಗಳ ಹುಣ್ಣಿಮೆಯ ಮಧ್ಯ ಶರತ್ ಹಬ್ಬ 2026ರಲ್ಲಿ ಸೆಪ್ಟೆಂಬರ್ 25, 2027ರಲ್ಲಿ ಸೆಪ್ಟೆಂಬರ್ 15. ಇವೆರಡರ ಅಡುಗೆ ಕಾರ್ಯಾಗಾರಗಳಿಗೆ ಹಬ್ಬದ ಹಿಂದಿನ ಎರಡು ವಾರವೇ ಒಳ್ಳೆಯ ಕಾಲ. ಅಂಟಕ್ಕಿ ಕಟ್ಟುವ ಎಲೆ ಹೊಸದಾಗಿರುತ್ತದೆ, ಚಂದ್ರ ಕೇಕಿನ ಅಚ್ಚುಗಳು ಹೊರಗೆ ಬಂದಿರುತ್ತವೆ.

ಹೆಸರು ನೋಂದಾಯಿಸುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: "ಇದರಲ್ಲಿ ನಾನು ಮಾಡುವ ಭಾಗ ಯಾವುದು, ನೀವು ಮೊದಲೇ ಮಾಡಿಟ್ಟಿರುವ ಭಾಗ ಯಾವುದು?" ಎರಡು ಗಂಟೆಯ ಕಾರ್ಯಾಗಾರದಲ್ಲಿ ನೆನೆಯುವ, ಒಣಗುವ, ಬೇಯುವ ಹೊತ್ತು ಕಾಣಿಸುವುದೇ ಇಲ್ಲ, ಅದನ್ನು ಬೇರೆಯವರು ಹಿಂದಿನ ದಿನವೇ ಮುಗಿಸಿರುತ್ತಾರೆ. ಅದು ಮೋಸವಲ್ಲ. ಆದರೆ ಅರ್ಧ ಹೊಲಿದಿಟ್ಟ ಬಟ್ಟೆಯನ್ನು ಬಣ್ಣಕ್ಕೆ ಅದ್ದಿ ಎತ್ತುವುದಕ್ಕೂ, ಬಿಳಿ ಬಟ್ಟೆಯಿಂದ ಶುರುಮಾಡುವುದಕ್ಕೂ ಕಲಿಕೆಯಲ್ಲಿ ಬಹಳ ಅಂತರವಿದೆ. ಮಕ್ಕಳಿದ್ದರೆ ಬಿಸಿ ಮೇಣ, ಕೊರೆಯುವ ಚಾಕು ಇದೆಯೇ ಎಂದೂ ವಿಚಾರಿಸಿಕೊಳ್ಳಿ. ಹಣ ಕೊಡಲು ಅಲಿಪೇ ಅಥವಾ ವೀಚಾಟ್ ಪೇ ಎಂಬ ಮೊಬೈಲ್ ಪಾವತಿ ಆ್ಯಪ್ ಬೇಕಾಗುತ್ತದೆ. ವಿದೇಶಿ ಕಾರ್ಡನ್ನು ಅದಕ್ಕೆ ಜೋಡಿಸಿ ಪಾಸ್‌ಪೋರ್ಟ್ ದೃಢೀಕರಣ ಮುಗಿಸುವ ಕೆಲಸವನ್ನು ಹೊರಡುವ ಮುಂಚೆಯೇ ಮಾಡಿ.

ಕಾಗದ ಕತ್ತರಿಸುವುದು

ಮೊದಲ ಬಾರಿಗೆ ಹೋಗುವವರು ಜಿಯಾನ್‌ಝಿಯಿಂದಲೇ ಶುರುಮಾಡುವುದು ಒಳ್ಳೆಯದು. ಒಣಗುವ ಕಾಟವಿಲ್ಲ, ಸಾಮಾನು ಕಡಿಮೆ, ಮತ್ತು ಎರಡು ಗಂಟೆಯಲ್ಲಿ ಆರಂಭದಿಂದ ಕೊನೆಯ ತನಕ ನಿಮ್ಮದೇ ಕೈಕೆಲಸ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆ ಇದು. ಆದರೆ ಊರಿಂದೂರಿಗೆ ವಿಧಾನ ಬೇರೆ. ಯಾಂಗ್‌ಝೌನಲ್ಲಿ ಕತ್ತರಿಯ ಕೆಲಸಕ್ಕೆ ಹೆಸರು. ಹೆಬೆಯ್ ಪ್ರಾಂತ್ಯದ ಯು ಜಿಲ್ಲೆಯಲ್ಲಿ ಬಿಳಿ ಕಾಗದದ ಕಟ್ಟನ್ನು ಮೇಣದ ಹಲಗೆಯ ಮೇಲಿಟ್ಟು ಸಣ್ಣ ಚಾಕುವಿನಿಂದ ಕೊರೆದು, ಆಮೇಲೆ ಬಣ್ಣ ಹಚ್ಚುತ್ತಾರೆ. ಬಣ್ಣಕ್ಕೆ ಬೈಜಿಯು ಮದ್ಯ ಬೆರೆಸುವುದರಿಂದ ಅದು ಕೆಳಗಿನ ಹಾಳೆಗಳವರೆಗೂ ಇಳಿಯುತ್ತದೆ.

ಕಿಟಕಿಯ ಹೂವಿಗೆ 15 ಸೆಂಟಿಮೀಟರ್ ಚೌಕದ ತೆಳು ಕೆಂಪು ಕಾಗದ ಸಾಕು. ಕರ್ಣದ ಗುಂಟ ಮಡಿಸಿ ತ್ರಿಕೋನ ಮಾಡಿ. ಉದ್ದನೆಯ ಬದಿಯ ಮಧ್ಯಬಿಂದುವನ್ನು ಗುರುತಿಸಿ, ಅಲ್ಲಿಂದ 60 ಡಿಗ್ರಿಯ ಮೂರು ಸಮಭಾಗವಾಗುವಂತೆ ಮಡಿಸಿ. ಇನ್ನೊಮ್ಮೆ ನಡುವೆ ಮಡಿಸಿದರೆ 12 ಪದರ, 30 ಡಿಗ್ರಿಯ ಮೊನೆ. ಝೆರಾಕ್ಸ್ ಕಾಗದ ತೆಗೆದುಕೊಂಡರೆ 12 ಪದರದ ಮೇಲೆ ಕತ್ತರಿ ಜಾರುತ್ತದೆ. ಹೊರ ಪದರದ ವಿನ್ಯಾಸ ಒಂದು, ಒಳ ಪದರದ್ದು ಇನ್ನೊಂದು ಆಗುತ್ತದೆ. ತೆಳು ಕಾಗದವೇ ಬೇಕು, ಪದರಗಳು ಜಾರದಂತೆ ಕತ್ತರಿಸಿ ಬಿಸಾಡುವ ಜಾಗದಲ್ಲಿ ಒಂದು ಸ್ಟೇಪಲ್ ಪಿನ್ ಹೊಡೆಯಿರಿ.

ಕತ್ತರಿಸುವ ಕ್ರಮ ಮುಖ್ಯ. ಒಳಗಿನದು ಮೊದಲು, ಹೊರ ಅಂಚು ಕೊನೆಗೆ. ಚಿಕ್ಕ ತೂತು ಮೊದಲು, ದೊಡ್ಡದು ಆಮೇಲೆ. ಹೊರ ಅಂಚನ್ನು ಮೊದಲೇ ಕತ್ತರಿಸಿದರೆ ಹಿಡಿಯಲು ಕಾಗದವೇ ಉಳಿಯುವುದಿಲ್ಲ. ಮಡಿಕೆಯ ಅಂಚಿನಲ್ಲಿ ಅಲ್ಲಲ್ಲಿ ಕನಿಷ್ಠ 4-5 ಮಿಲಿಮೀಟರ್ ಬಿಡದೆ ಕಚ್ಚಿದರೆ ಬಿಚ್ಚಿದಾಗ ಹೂವು ತುಂಡು ತುಂಡಾಗಿ ಉದುರುತ್ತದೆ. ಹೊಸಬರು ಕೆಡಿಸುವುದು ಹೆಚ್ಚಾಗಿ ಇಲ್ಲೇ.

ಕೈ ಪಳಗಿಸಲು ಎರಡೇ ಗುರುತುಗಳು ಸಾಕು: ಅರ್ಧಚಂದ್ರದ ಸೀಳು ಮತ್ತು ಗರಗಸದ ಹಲ್ಲು. ಹಕ್ಕಿಯ ಗರಿ, ಹುಲಿಯ ರೋಮ, ಹೂವಿನ ಎಸಳು ಎಲ್ಲವೂ ಇವುಗಳಿಂದಲೇ ಬರುತ್ತವೆ. ಹಲ್ಲು ಕತ್ತರಿಸುವಾಗ ಮೊದಲು ಒಂದು ಅರ್ಧಚಂದ್ರ ಸೀಳಿ, ಅದರ ಒಂದು ದಂಡೆಯ ಗುಂಟ ಕತ್ತರಿಯ ತುದಿಯಿಂದ 2-3 ಮಿಲಿಮೀಟರ್ ಆಳಕ್ಕೆ ನೇರ ಕಚ್ಚು, ಪಕ್ಕದಲ್ಲಿ ಓರೆ ಕಚ್ಚು, ಎರಡೂ ಬುಡದಲ್ಲಿ ಕೂಡಬೇಕು. ಕೂಡದಿದ್ದರೆ ಚೂರು ಬೀಳುವುದಿಲ್ಲ, ಅದನ್ನು ಎಳೆದು ಕಿತ್ತರೆ ಹಲ್ಲಿನ ಬುಡ ಹರಿದು ಮಬ್ಬಾಗುತ್ತದೆ. ಕತ್ತರಿ ಹಿಡಿದ ಕೈ ಇದ್ದಲ್ಲೇ ಇರಲಿ. ತಿರುಗಬೇಕಾದದ್ದು ಕಾಗದ, ಅದೂ ಎಡಗೈಯಿಂದ.

ಅಂಟಿಸುವಾಗ ಹಿಟ್ಟಿನ ಅಂಟನ್ನು ನಾಲ್ಕೈದು ಚುಕ್ಕೆ ಮಾತ್ರ ಇಟ್ಟು, ಗಾಜಿನ ಒಳಬದಿಗೆ ಹಚ್ಚಿ. ಪೂರ್ತಿ ಬಳಿದರೆ ಕಾಗದ ಒದ್ದೆಯಾಗಿ ಹಿಗ್ಗಿ ಸುಕ್ಕುಗಟ್ಟುತ್ತದೆ. ಅಗ್ಗದ ಕೆಂಪು ಕಾಗದವಾದರೆ ಗಾಜಿಗೂ ಬೆರಳಿಗೂ ಬಣ್ಣ ಹತ್ತುತ್ತದೆ.

ಬಾಗಿಲ ದ್ವಿಪದಿ

ಕೆಂಪು ಕಾಗದದ ಮೇಲೆ ಕುಂಚದಿಂದ ಬರೆಯುವ ಚುನ್‌ಲಿಯಾನ್ ಕಾರ್ಯಾಗಾರಗಳು ಹಬ್ಬದ ಮುಂಚೆ ಬಹಳ ಕಡೆ ನಡೆಯುತ್ತವೆ. ಚೀನೀ ಅಕ್ಷರ ಬಾರದವರು ಇಡೀ ಸಾಲು ನಕಲು ಮಾಡುವ ಬದಲು "ಫು" ಎಂಬ ಒಂದೇ ಅಕ್ಷರವನ್ನು ಚೌಕದ ಹಾಳೆಯಲ್ಲಿ ಬರೆಯುವುದು ಮೇಲು. ಅದರ ಅರ್ಥ ಭಾಗ್ಯ. ಚಿನ್ನದ ಚುಕ್ಕೆಯ ನುಣುಪು ಕಾಗದ ಮಸಿಯನ್ನು ಹೀರುವುದಿಲ್ಲ, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಬರೆದ ತಕ್ಷಣ ನಿಲ್ಲಿಸಿದರೆ ಮಸಿ ಇಳಿದು ಗೆರೆ ಬೀಳುತ್ತದೆ. ನೆಲದ ಮೇಲೆ ಚಪ್ಪಟೆಯಾಗಿ ಬಿಡಿ. ಬಾಗಿಲಿಗೆ ಮುಖ ಮಾಡಿ ನಿಂತಾಗ ಮೊದಲ ಸಾಲು ನಿಮ್ಮ ಬಲಕ್ಕೆ, ಎರಡನೆಯದು ಎಡಕ್ಕೆ. ಯಾವುದು ಮೊದಲನೆಯದು ಎಂದು ತಿಳಿಯದಿದ್ದರೆ ಕೊನೆಯ ಅಕ್ಷರದ ಸ್ವರ, ಅಂದರೆ ಚೀನೀ ಉಚ್ಚಾರದ ನಾಲ್ಕು ಏರಿಳಿತಗಳಲ್ಲಿ ಅದು ಯಾವುದು ಎಂದು ಕೇಳಿ: ಸಾಮಾನ್ಯವಾಗಿ ಮೂರನೇ ಅಥವಾ ನಾಲ್ಕನೇ ಸ್ವರದಲ್ಲಿ ಮುಗಿಯುವುದು ಮೊದಲ ಸಾಲು.

ಝೊಂಗ್‌ಝಿ ಕಟ್ಟುವುದು

ದುವಾನ್‌ವು ಹಬ್ಬಕ್ಕೆ ಬಾಗಿಲಲ್ಲಿ ಮಾಚಿಪತ್ರೆಯ ಜಾತಿಯ ಸೊಪ್ಪನ್ನೂ ಬಜೆಯ ಎಲೆಯನ್ನೂ ತೂಗುಹಾಕುತ್ತಾರೆ, ಮಕ್ಕಳ ಮಣಿಕಟ್ಟಿಗೆ ಐದು ಬಣ್ಣದ ದಾರ ಕಟ್ಟುತ್ತಾರೆ, ಸುವಾಸನೆಯ ಗಿಡಮೂಲಿಕೆ ತುಂಬಿದ ಪುಟ್ಟ ಚೀಲ ಹೊಲಿಯುತ್ತಾರೆ. ಗಾನ್ಸು ಪ್ರಾಂತ್ಯದ ಚಿಂಗ್‌ಯಾಂಗ್ ಈ ಚೀಲಗಳಿಗೆ ಹೆಸರುವಾಸಿ. ಆದರೆ ಕೈಗೆ ನಿಜವಾದ ಸವಾಲು ಝೊಂಗ್‌ಝಿ, ಅಂದರೆ ಎಲೆಯಲ್ಲಿ ಕಟ್ಟಿ ಬೇಯಿಸುವ ಅಂಟಕ್ಕಿ.

ಉತ್ತರದಲ್ಲಿ ಜೊಂಡಿನ ಎಲೆ ಮತ್ತು ಒಣಗಿದ ಕೆಂಪು ಎಲಚಿ ಹಣ್ಣು. ದಕ್ಷಿಣದಲ್ಲಿ ಅಗಲವಾದ ಬಿದಿರ ಜಾತಿಯ ಎಲೆ, ಒಳಗೆ ಹಂದಿಮಾಂಸ ಅಥವಾ ಹೆಸರುಬೇಳೆ. ಝೆಜಿಯಾಂಗ್‌ನ ಜಿಯಾಶಿಂಗ್ ಮಾಂಸದ ಝೊಂಗ್‌ಝಿಗೆ ಪ್ರಸಿದ್ಧ. ಮಾಂಸ ತಿನ್ನದವರು ಇದನ್ನು ಮೊದಲೇ ತಿಳಿಸಬೇಕು. ಎಲಚಿಯ ಹೂರಣ ಕೇಳಿದರೆ ಸಿಗುತ್ತದೆ.

500 ಗ್ರಾಂ ಅಂಟಕ್ಕಿಗೆ ಸುಮಾರು 12 ಝೊಂಗ್‌ಝಿ, 24ರಿಂದ 30 ಎಲೆ. ಅಕ್ಕಿಯನ್ನು 2-3 ಗಂಟೆ ನೆನೆಸಿ ಸೋಸಿ. ಹಸಿ ಎಲೆಯನ್ನು 5 ನಿಮಿಷ ಕುದಿಸಿ. ಒಣ ಎಲೆಯಾದರೆ ರಾತ್ರಿ ನೆನೆಸಿ 10 ನಿಮಿಷ ಕುದಿಸಿ. ಕುದಿಸದ ಎಲೆ ಮಡಿಸಿದ ಕಡೆ ಸೀಳುತ್ತದೆ. ಗಟ್ಟಿ ತೊಟ್ಟಿನ ತುದಿಯನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅದೇ ಪಕ್ಕದ ಎಲೆಯನ್ನು ತೂತು ಮಾಡುತ್ತದೆ.

ಎರಡು ಎಲೆಗಳನ್ನು ಅರ್ಧದಷ್ಟು ಒಂದರ ಮೇಲೊಂದು ಬರುವಂತೆ, ನುಣುಪು ಬದಿ ಮೇಲಾಗಿ ಹಿಡಿಯಿರಿ. ಒಂದು ತುದಿಯಿಂದ ಮೂರನೇ ಒಂದು ಭಾಗದಲ್ಲಿ ಸುತ್ತಿ ಶಂಕುವಿನ ಆಕಾರ ಮಾಡಿ. ಅದರ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಂಡರೆ ಅಕ್ಕಿ ಅಲ್ಲಿಂದಲೇ ಸೋರುತ್ತದೆ, ಬಿಚ್ಚಿ ಮತ್ತೆ ಸುತ್ತಿ. ಒಂದು ಚಮಚ ಅಕ್ಕಿ, ಎರಡು ಎಲಚಿ, ಮೇಲೆ ಮತ್ತೆ ಅಕ್ಕಿ. ಚಾಪ್‌ಸ್ಟಿಕ್‌ನಿಂದ ನಾಲ್ಕೈದು ಕಡೆ ಚುಚ್ಚಿ ಗಾಳಿಯ ಜಾಗ ಮುಚ್ಚಿ. ಬಾಯಿಯವರೆಗೂ ತುಂಬಬೇಡಿ, ಸ್ವಲ್ಪ ಕೆಳಗೇ ನಿಲ್ಲಿಸಿ. ಉಳಿದ ಉದ್ದನೆಯ ಎಲೆಯನ್ನು ಬಾಯಿಯ ಮೇಲೆ ಮುಚ್ಚಿ, ಎರಡೂ ಬದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕೆಳಕ್ಕೆ ಒತ್ತಿ, ಬಾಲವನ್ನು ಪಕ್ಕಕ್ಕೆ ಮಡಚಿ. ಈ ಹಿಡಿತ ಸಡಿಲಿಸದೆ ಹತ್ತಿಯ ದಾರವನ್ನು ಸೊಂಟಕ್ಕೆ ಎರಡು ಮೂರು ಸುತ್ತು ಸುತ್ತಿ ಗಂಟು ಹಾಕಿ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಹಳೆಯ ಉಪಾಯ. ಕಾರ್ಯಾಗಾರದಲ್ಲಿ ಅದರ ಬದಲು ದಾರವನ್ನು ಮೇಜಿನ ಕಾಲಿಗೋ ಕೊಂಡಿಗೋ ಕಟ್ಟಿರುತ್ತಾರೆ.

ಅಕ್ಕಿ ಬೇಯುತ್ತಾ ಉಬ್ಬುತ್ತದೆ. ಒತ್ತೊತ್ತಿ ತುಂಬಿ ಬಿಗಿಯಾಗಿ ಕಟ್ಟಿದರೆ ನಡುವಿನ ಅಕ್ಕಿ ಬೇಯುವುದಿಲ್ಲ, ಅಥವಾ ಎಲೆ ಒಡೆಯುತ್ತದೆ. ಸಡಿಲ ಕಟ್ಟಿದರೆ ನೀರು ನುಗ್ಗಿ ಗಂಜಿಯಾಗುತ್ತದೆ. ಪಾತ್ರೆಯಲ್ಲಿ ಒತ್ತಾಗಿ ಜೋಡಿಸಿ, ಮೇಲೆ ತಟ್ಟೆಯ ಭಾರ ಇಟ್ಟು, ನೀರು 3-4 ಸೆಂಟಿಮೀಟರ್ ಮೇಲೆ ನಿಲ್ಲುವಂತೆ ಹಾಕಿ 2 ಗಂಟೆ ಬೇಯಿಸಬೇಕು, ಮಾಂಸದ್ದಾದರೆ 3 ಗಂಟೆ. ಆಮೇಲೂ ಒಂದು ಗಂಟೆ ಬಿಸಿನೀರಲ್ಲೇ ಬಿಡಬೇಕು. ನಡುವೆ ನೀರು ಕಡಿಮೆಯಾದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದರೆ ಅಕ್ಕಿ ಅರೆಬೆಂದು ನಿಂತುಬಿಡುತ್ತದೆ. ಹಾಗಾಗಿ ಎರಡು ಗಂಟೆಯ ಕಾರ್ಯಾಗಾರದಲ್ಲಿ ನೀವು ತಿನ್ನುವುದು ನೀವು ಕಟ್ಟಿದ್ದಲ್ಲ. ನಿಮ್ಮದನ್ನು ಬೇಯಿಸಿಟ್ಟು ಸಂಜೆ ಕೊಡುತ್ತಾರೆಯೇ ಕೇಳಿ. ಹಸಿಯಾಗಿ ಹೋಟೆಲಿಗೆ ತಂದರೆ ಬೇಯಿಸಲು ಒಲೆ ಇರುವುದಿಲ್ಲ.

ಚಂದ್ರ ಕೇಕು

ಕ್ಯಾಂಟನ್ ಶೈಲಿಯ ಯುವೆಬಿಂಗ್‌ನ ಕಣಕಕ್ಕೆ 100 ಗ್ರಾಂ ಮೈದಾ, 70 ಗ್ರಾಂ ಇನ್ವರ್ಟ್ ಸಕ್ಕರೆ ಪಾಕ (ಹುಳಿ ಸೇರಿಸಿ ಕುದಿಸಿದ ಸಕ್ಕರೆ ಪಾಕ), 25 ಗ್ರಾಂ ಕಡಲೆಕಾಯಿ ಎಣ್ಣೆ, 2 ಗ್ರಾಂ ಕ್ಷಾರದ ನೀರು. ಪಾಕದ ಹುಳಿಯನ್ನು ಮುರಿದು ಸಿಪ್ಪೆಗೆ ಕಂದು ಬಣ್ಣ ತರುವುದು ಈ ಕ್ಷಾರವೇ. ಹೆಚ್ಚಾದರೆ ಕಪ್ಪಾಗಿ ಕಹಿಯಾಗುತ್ತದೆ, ಕಡಿಮೆಯಾದರೆ ಬಿಳಿಚಿಕೊಳ್ಳುತ್ತದೆ. ಕಲಸಿ ಒಂದೆರಡು ಗಂಟೆ ಬಿಡಿ. 50 ಗ್ರಾಂ ಅಚ್ಚಿಗೆ 15 ಗ್ರಾಂ ಕಣಕ, 35 ಗ್ರಾಂ ಕಮಲದ ಬೀಜದ ಹೂರಣ. ಕಣಕ ಇಷ್ಟೊಂದು ತೆಳುವಾಗಿರುವುದರಿಂದ ಎಳೆದು ಮುಚ್ಚಲು ಹೋಗಬಾರದು. ಹೂರಣದ ಉಂಡೆಯ ಮೇಲೆ ಇಟ್ಟು ಹೆಬ್ಬೆರಳಿನ ಬುಡದಿಂದ ಸುತ್ತಲೂ ಮೆಲ್ಲಗೆ ತಳ್ಳುತ್ತಾ ಮುಚ್ಚಬೇಕು.

200 ಡಿಗ್ರಿಯಲ್ಲಿ 5 ನಿಮಿಷ ಬೇಯಿಸಿದರೆ ಅಚ್ಚಿನ ಗೆರೆ ನಿಲ್ಲುತ್ತದೆ. ಹೊರತೆಗೆದು ಉಬ್ಬಿದ ಗೆರೆಗಳಿಗೆ ಮಾತ್ರ ತೆಳುವಾಗಿ ಮೊಟ್ಟೆಯ ಹಳದಿ ಸವರಿ, 180 ಡಿಗ್ರಿಯಲ್ಲಿ ಇನ್ನು 12 ನಿಮಿಷ. ಕುಂಚ ತುಂಬಾ ಅದ್ದಿ ಹಚ್ಚಿದರೆ ಮೊಟ್ಟೆ ಗೆರೆಗಳ ನಡುವೆ ತುಂಬಿ ಚಿತ್ತಾರ ಮುಚ್ಚಿಹೋಗುತ್ತದೆ. ಒಲೆಯಿಂದ ತೆಗೆದ ದಿನ ಇದು ಗಟ್ಟಿ, ಒಣ ಒಣ. ಹೂರಣದ ಎಣ್ಣೆ ಸಿಪ್ಪೆಗೆ ಬಂದು ಮೆತ್ತಗಾಗಲು 2-3 ದಿನ ಬೇಕು. ಕಾರ್ಯಾಗಾರದಲ್ಲೇ ತಿಂದು ಚೆನ್ನಾಗಿಲ್ಲ ಎನ್ನುವವರು ಈ ಮೂರು ದಿನ ಕಾದಿರುವುದಿಲ್ಲ. ಒಲೆ ಬೇಡದ "ಹಿಮದ ಸಿಪ್ಪೆ"ಯ ಕೇಕನ್ನು ಹಲವು ಕಡೆ ಕಲಿಸುತ್ತಾರೆ. ಸುಲಭ, ಅಂದವೂ ಹೌದು, ಆದರೆ ಫ್ರಿಜ್ಜಿನಿಂದ ಹೊರಗೆ ಬಾಳದು, ಪ್ರಯಾಣಕ್ಕೆ ಬಾರದು.

ನೀಲಿ ಬಟ್ಟೆ ಮತ್ತು ಮೇಣ

ಇದಕ್ಕೆ ಹಬ್ಬದ ಹಂಗಿಲ್ಲ, ಮಳೆಯ ಹಂಗಿದೆ. ಯುನ್ನಾನ್‌ನ ದಾಲಿ ಬಳಿಯ ಝೌಚೆಂಗ್‌ನಲ್ಲಿ ಬಾಯ್ ಜನರ ಕಟ್ಟು ಬಣ್ಣದ ಕೆಲಸ ನಡೆಯುತ್ತದೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ, ಬಟ್ಟೆ ಬೇಗ ಒಣಗುವುದಿಲ್ಲ. ಗುರುತಿನ ಗುಂಟ ಹೊಲಿದು, ದಾರ ಎಳೆದು, ಬಿಗಿಯಾಗಿ ಸುತ್ತಿ ಗಂಟು ಹಾಕಬೇಕು. ಗಂಟು ಸಡಿಲವಾದರೆ ನೀಲಿ ಒಳಗೆ ನುಗ್ಗಿ ಬಿಳಿ ಚಿತ್ತಾರ ಮಾಯವಾಗುತ್ತದೆ. ಬಣ್ಣಕ್ಕೆ ಹಾಕುವ ಮುಂಚೆ ಬಟ್ಟೆಯನ್ನು ಸಾದಾ ನೀರಲ್ಲಿ ಪೂರ್ತಿ ನೆನೆಸಿ, ಇಲ್ಲದಿದ್ದರೆ ತೇಪೆ ತೇಪೆಯಾಗಿ ಬಣ್ಣ ಹತ್ತುತ್ತದೆ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಳದಿ ಮಿಶ್ರಿತ ಹಸಿರು. ಗಾಳಿ ತಾಗಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಅದು ಪೂರ್ತಿ ತಿರುಗುವ ತನಕ ಮತ್ತೆ ಅದ್ದಬೇಡಿ. ಕಡು ನೀಲಿ ಬರುವುದು ಒಂದೇ ಸಲ ಹೆಚ್ಚು ಹೊತ್ತು ಮುಳುಗಿಸಿದ್ದರಿಂದಲ್ಲ, ಹಲವು ಸಲ ಅದ್ದಿ ಗಾಳಿಗೆ ಹಿಡಿದಿದ್ದರಿಂದ. ಎರಡು ಗಂಟೆಯಲ್ಲಿ ಎರಡು ಮೂರು ಅದ್ದು ಆದೀತು, ತಿಳಿ ನೀಲಿಗೆ ತೃಪ್ತಿಪಡಬೇಕು.

ಗುಯಿಝೌನ ದಾನ್‌ಝಾಯ್‌ನಲ್ಲಿ ಮಿಯಾವೊ ಜನಾಂಗದ ಹೆಂಗಸರು ತಾಮ್ರದ ಪುಟ್ಟ ಮೇಣಚಾಕುವಿನಿಂದ ಬಿಸಿ ಜೇನುಮೇಣದಲ್ಲಿ ಬರೆಯುತ್ತಾರೆ. ಬರೆದ ಗೆರೆಯ ಹಿಂಬದಿ ತಿರುಗಿಸಿ ನೋಡಿ: ಮೇಣ ಇಳಿದು ಬಟ್ಟೆ ಪಾರದರ್ಶಕವಾಗಿದ್ದರೆ ಹದ ಸರಿ. ಮೇಲೆಯೇ ಬೆಳ್ಳಗೆ ಕೂತಿದ್ದರೆ ಮೇಣ ತಣ್ಣಗಾಗಿದೆ, ಬಣ್ಣ ಅದರಡಿಗೆ ನುಸುಳುತ್ತದೆ. ಗೆರೆ ಹರಡಿದರೆ ಅತಿ ಬಿಸಿ. ಬಣ್ಣ ಹಾಕಿ ಆದಮೇಲೆ ಕುದಿಯುವ ನೀರಿನಲ್ಲಿ ಮೇಣ ತೆಗೆಯುತ್ತಾರೆ.

ಅಚ್ಚು ಮತ್ತು ಗಾಳಿಪಟ

ಹೊಸವರ್ಷದ ಮರದಚ್ಚಿನ ಚಿತ್ರಕ್ಕೆ ತಿಯಾನ್‌ಜಿನ್‌ನ ಯಾಂಗ್‌ಲಿಯುಚಿಂಗ್, ಸುಝೌನ ತಾವೊಹುವಾವು, ವೈಫಾಂಗ್‌ನ ಯಾಂಗ್‌ಜಿಯಾಬು ಮುಖ್ಯ ಊರುಗಳು. ಯಾಂಗ್‌ಲಿಯುಚಿಂಗ್‌ನಲ್ಲಿ ಅರ್ಧ ಅಚ್ಚು, ಅರ್ಧ ಕುಂಚದ ಕೆಲಸ; ಮುಖಕ್ಕೆ ಬಣ್ಣ ಹಚ್ಚಲು ಬಿಡುವ ತರಗತಿಯನ್ನೇ ಆರಿಸಿ. ಅಚ್ಚಿಗೆ ಮಸಿ ಹೆಚ್ಚಾದರೆ ಸಣ್ಣ ಗೆರೆಗಳು ಮುಚ್ಚುತ್ತವೆ. ವೈಫಾಂಗ್‌ಗೆ ಹೋಗುವವರು ಏಪ್ರಿಲ್‌ನಲ್ಲಿ ಹೋಗಿ: 1984ರಿಂದ ಅಲ್ಲಿ ಅಂತರರಾಷ್ಟ್ರೀಯ ಗಾಳಿಪಟ ಉತ್ಸವ ನಡೆಯುತ್ತಿದೆ. ಬಿದಿರ ಕಡ್ಡಿಯನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ಬಾಗಿಸುವಾಗ ಒಂದೇ ಕಡೆ ನಿಲ್ಲಿಸದೆ ಹಿಂದೆ ಮುಂದೆ ಆಡಿಸಿ, ಬಾಗಿದ ಮೇಲೆ ತಣ್ಣಗಾಗುವ ತನಕ ಹಾಗೇ ಹಿಡಿದಿರಿ. ಎಡ ಬಲ ರೆಕ್ಕೆಗಳ ತೂಕ ಒಂದೇ ಇಲ್ಲದಿದ್ದರೆ ಪಟ ಒಂದೇ ಕಡೆಗೆ ಗಿರಕಿ ಹೊಡೆಯುತ್ತದೆ.

ತರುವ ಮುಂಚೆ

ನೀಲಿ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಿರಿ, ಬಿಸಿಲಿಗೆ ಹಾಕದೆ ನೆರಳಲ್ಲಿ ಒಣಗಿಸಿ. ಕತ್ತರಿಸಿದ ಕಾಗದವನ್ನು ಮಡಿಸದೆ ಎರಡು ರಟ್ಟಿನ ನಡುವೆ ಇಡಿ. ಕತ್ತರಿ, ಮೇಣಚಾಕು ಕೊಂಡಿದ್ದರೆ ವಿಮಾನದಲ್ಲಿ ಚೆಕ್-ಇನ್ ಸಾಮಾನಿಗೆ ಹಾಕಿ. ಚೀನಾದ ರೈಲಿನಲ್ಲಿ ಅಲುಗು 6 ಸೆಂಟಿಮೀಟರ್‌ಗಿಂತ ಉದ್ದವಿರುವ ಕತ್ತರಿಯನ್ನು ಜೊತೆಯಲ್ಲಿ ಒಯ್ಯಲು ಬಿಡುವುದಿಲ್ಲ. ಕೊಳ್ಳುವಾಗಲೇ ಚಿಕ್ಕ ಅಲುಗಿನದನ್ನು ಆರಿಸಿ.