ಡಚ್ಚರ ಅಡ್ಡಹೆಸರಿನಲ್ಲಿ ಕೂತ ಹಕ್ಕಿಯನ್ನು ಗುರುತಿಸುವುದು ಹೇಗೆ?

ಆನೆಗುಂದಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹೊಳೆ ದಾಟಿದರೆ ಹಂಪಿ. ಹೊರದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸುವ ಫಾರಂ ತುಂಬಬೇಕು, ಮೊದಲು ಅದಕ್ಕೆ ಸಿ ಫಾರಂ ಅನ್ನುತ್ತಿದ್ದರು. ಮೊದಲ ಸಲ ನೆದರ್ಲೆಂಡ್ಸ್‌ನಿಂದ ‘ಡೆ ಹಾನ್’ ಅನ್ನುವವರು ಬಂದಾಗ ನಾನು ‘ಡೆ’ (ಇಂಗ್ಲಿಷಿನ ‘ದ’ ಇದ್ದ ಹಾಗೆ) ಬಿಟ್ಟು ‘ಹಾನ್’ ಅಷ್ಟೇ ತುಂಬಿದ್ದೆ. ಪಾಸ್‌ಪೋರ್ಟಿಗೆ ಹೊಂದಲಿಲ್ಲ, ಮತ್ತೆ ತಿದ್ದಬೇಕಾಯಿತು. ಅವರೇ ಪಕ್ಕದಲ್ಲಿ ಕೂತರು. ಹಿತ್ತಲಲ್ಲಿ ಕೆದರುತ್ತಿದ್ದ ನಮ್ಮ ಹುಂಜದ ಕಡೆ ಬೆರಳು ತೋರಿಸಿ, ‘ಹಾನ್’ ಅಂದರು.

ನಿಮ್ಮಲ್ಲಿಗೂ ಅಂಥವರು ಬಂದರೆ ಪಾಸ್‌ಪೋರ್ಟಿನಲ್ಲಿ ಫೋಟೊ ಇರುವ ಪುಟದ ತಳದ ಎರಡು ಸಾಲು ನೋಡಿ. ಮೇಲಿನ ಸಾಲಿನಲ್ಲಿ ಎನ್, ಎಲ್, ಡಿ ಅಂತ ಮೂರು ಅಕ್ಷರ ಇರುತ್ತವೆ, ಅದು ದೇಶ. ಅದಕ್ಕೆ ಅಂಟಿಕೊಂಡೇ ಅಡ್ಡಹೆಸರು ಶುರು. ಒಂದು ಬಾಣದ ಗುರುತು ಅಂದರೆ ಪದಗಳ ನಡುವಿನ ಜಾಗ. ಎರಡು ಬಂದರೆ ಅಡ್ಡಹೆಸರು ಮುಗಿಯಿತು. ಡಿ ಪಕ್ಕ ಇನ್ನೊಂದು ಡಿ ಕಂಡರೆ ತಪ್ಪು ಅಂದುಕೊಳ್ಳಬೇಡಿ, ಅದು ‘ಡೆ’ಯದ್ದು. ಫಾರಂನಲ್ಲಿ ಅದನ್ನು ಬಿಡುವ ಹಾಗಿಲ್ಲ. ಆದರೆ ಅವರ ದೇಶದ ಹೆಸರುಪಟ್ಟಿಯಲ್ಲಿ ಈ ಹೆಸರನ್ನು ಹುಡುಕಬೇಕಾದ್ದು ‘ಹ’ ಅಕ್ಷರದಲ್ಲಿ. ಪಕ್ಕದ ಬೆಲ್ಜಿಯಂನಲ್ಲಿ ‘ಡ’ದಲ್ಲೇ ಹುಡುಕಬೇಕು.

ಇನ್ನು ಉಚ್ಚಾರ. ಹಕ್ಕಿಗೆ ಡಚ್ಚಿನಲ್ಲಿ ‘ಫೋಖಲ್’. ಬರೆಯುವುದು ವಿ ಅಕ್ಷರದಿಂದ, ಆದರೆ ಕಿವಿಗೆ ಕೇಳುವುದು ಜಾಸ್ತಿ ‘ಫ’ ಥರ. ನಡುವಿನ ‘ಖ’ ಗಂಟಲು ಕೆರೆದು ಬರಬೇಕು, ಉರ್ದುವಿನ ‘ಖಬರ್’ನಲ್ಲಿ ಬರುತ್ತದಲ್ಲ, ಹಾಗೆ. ಗಂಗಾವತಿ ಸಂತೆಯಲ್ಲಿ ಓಡಾಡಿದವರಿಗೆ ಇದೇನು ಕಷ್ಟವಲ್ಲ. ಇದೇ ಅಡ್ಡಹೆಸರಿನ ಸಂಸ್ಕೃತ ವಿದ್ವಾಂಸರೊಬ್ಬರು, ಜೆ. ಪಿ. ಎಚ್. ಫೋಖಲ್, 1901ರಿಂದ ನಮ್ಮ ಪುರಾತತ್ವ ಇಲಾಖೆಯಲ್ಲಿದ್ದರು. ಆಮೇಲೆ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಪ್ರೊಫೆಸರ್ ಆದರು. ಹಂಪಿಯ ಕಲ್ಲುಗಳ ನಡುವೆ ಬದುಕುವ ನನಗೆ ಈ ಹೆಸರು ತುಂಬಾ ಹತ್ತಿರದ್ದು.

‘ಫೋಖಲಾರ್’ ಅಂದರೆ ಹಕ್ಕಿ ಹಿಡಿಯುವವನು. ಕೊನೆಯ ‘ಆರ್’ ನಮ್ಮ ಬಳೆಗಾರನ ‘ಗಾರ’ ಮಾಡುವ ಕೆಲಸವನ್ನೇ ಮಾಡುತ್ತದೆ. ‘ಕ್ರಾಯ್’ ಕಾಗೆ, ‘ಜ್ವಾನ್’ ಹಂಸ, ‘ಔಲ್’ ಗೂಗಿ. ಗೂಗಿ ಕೂಗಿದರೆ ನಮ್ಮಲ್ಲಿ ಅಪಶಕುನ ಅಂತಾರೆ. ಅಲ್ಲಿ 1973ರಿಂದ 1977ರವರೆಗೆ ಪ್ರಧಾನಿಯಾಗಿದ್ದ ಯೋಪ್ ಡೆನ್ ಔಲ್ ಅವರ ಅಡ್ಡಹೆಸರೇ ಗೂಗಿ! ಫುಟ್‌ಬಾಲ್ ನೋಡುವವರಿಗೆ ಆರಿ ಹಾನ್ ಗೊತ್ತಿರಬೇಕು. 1974, 1978ರ ಎರಡೂ ವಿಶ್ವಕಪ್ ಫೈನಲ್ ಆಡಿದವರು. ಅವರದೂ ಹುಂಜದ ಹೆಸರೇ.

ಒಂದು ಎಚ್ಚರ. ಹುಂಜದ ಹೆಸರಿದೆ ಅಂದಮಾತ್ರಕ್ಕೆ ಅವರ ಹಿರಿಯರು ಕೋಳಿ ಸಾಕುತ್ತಿದ್ದರು ಅಂತ ತಿಳಿಯಬೇಡಿ. ಮನೆಗಳಿಗೆ ನಂಬರ್ ಇಲ್ಲದ ಕಾಲದಲ್ಲಿ ಅಲ್ಲಿ ಮನೆ, ಅಂಗಡಿ, ಛತ್ರಗಳ ಮುಂದೆ ಚಿತ್ರದ ಹಲಗೆ ತೂಗುತ್ತಿದ್ದವು. ಹಲಗೆಯಲ್ಲಿದ್ದ ಹಕ್ಕಿಯೇ ಎಷ್ಟೋ ಮನೆಯವರ ಹೆಸರಾಯಿತು. ನಮ್ಮ ‘ಕೋಳಿವಾಡ’ ನೋಡಿ. ಕೇಳಿದರೆ ಕೋಳಿ ನೆನಪಾಗುತ್ತದೆ, ಆದರೆ ಅದು ಹುಬ್ಬಳ್ಳಿ ಕಡೆಯ ಊರು, ಕುಮಾರವ್ಯಾಸನ ಊರು. ಹಾಗಾಗಿ ಸುಮ್ನೆ ಊಹಿಸಬೇಡಿ, ಅತಿಥಿಯನ್ನೇ ಕೇಳಿ. ಗಂಡಸರಾದರೆ ‘ಮೆನೇರ್’, ಹೆಂಗಸರಾದರೆ ‘ಮೆವ್ರೌ’ ಅಂತ ಸೇರಿಸಿ ಅಡ್ಡಹೆಸರು ಕರೆಯಿರಿ, ಮಾತು ತಾನಾಗಿ ಶುರುವಾಗುತ್ತದೆ.

ಅವತ್ತು ಮೆನೇರ್ ಡೆ ಹಾನ್ ನನ್ನದೂ ಕೇಳಿದರು. ನಮ್ಮ ಮನೆತನಕ್ಕೆ ಗುಬ್ಬಿಯವರು ಅಂತಾರೆ. ತೊಲೆಯ ಸಂದಿನಲ್ಲಿದ್ದ ಗೂಡು ತೋರಿಸಿದೆ. ‘ಮುಸ್’ ಅಂದು ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಪಕ್ಕ ಅದನ್ನೂ ಬರೆದರು.