ಪ್ರೇಮಚಂದರ ಕಥೆ ಹೇಳಿಯೇ ಕಿರ್ದಿ ಕೊಡುತ್ತೇನೆ

ಗದಗ ಪೇಟೆಯಲ್ಲಿ ಹತ್ತಿ ಅಡತಿ ಅಂಗಡಿ ನಡೆಸುತ್ತ ಮೂವತ್ತು ವರ್ಷವಾಯಿತು. 2022ರಲ್ಲಿ ಕ್ವಿಂಟಲ್ ಹತ್ತಿ 12 ಸಾವಿರ ದಾಟಿತ್ತು. ಮುಂದಿನ ಹಂಗಾಮಿಗೂ ಆ ದರ ಬಂದೇ ಬರುತ್ತದೆಂದು ಸಾಲ ತಂದು, 9 ಸಾವಿರದಂತೆ ಕೊಂಡು ಗೋದಾಮು ತುಂಬಿಸಿದೆ. ಕಡೆಗೆ 7 ಸಾವಿರಕ್ಕೆ ಮಾರಿದೆ. ನಿದ್ದೆ ಹತ್ತದ ಆ ರಾತ್ರಿಗಳಲ್ಲಿ ಓದಿದ್ದು ಪ್ರೇಮಚಂದ ರಾಯಚಂದರ ಬದುಕು.

1831ರಲ್ಲಿ ಹುಟ್ಟಿದ ಸೂರತ್ತಿನ ಜೈನ ಹುಡುಗ, ಮುಂಬಯಿಯ ಹತ್ತಿ ಮತ್ತು ಷೇರು ಪೇಟೆಯ ದೊರೆಯಾದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು, ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು. ಮುಂಬಯಿಗೆ ಹಣದ ಹೊಳೆಯೇ ಹರಿಯಿತು. ನಮ್ಮ ಎರೆಹೊಲದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲವದು. ಹಾಗೆಂದೇ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರು. ಅವರ ಕಥೆಯಲ್ಲಿ ನಮ್ಮ ಅಂಡಿಗೆಗಳೂ, ಅಂದರೆ ಹತ್ತಿ ಮೂಟೆಗಳೂ, ಇವೆ ಅನ್ನಿಸಿ ನನಗೆ ಮೈ ಜುಮ್ಮೆಂದಿತು.

ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲು ಅಂಡಿಗೆ ಬಿಚ್ಚಿಸುತ್ತೇನೆ. ಒಂದು ಚಿಟಿಕೆ ಅರಳೆಯನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಲು ಹೇಳುತ್ತೇನೆ. ಎಳೆ ಎಷ್ಟು ಉದ್ದ, ಎಲ್ಲಿ ಹರಿಯುತ್ತದೆ, ತೇವ ಐತೋ ಇಲ್ಲೋ, ಕೈಗೇ ತಿಳಿಯಬೇಕು.

“ಇದು ಕೈಯಾಗ ಇರೋ ಮಾಲು ತಮ್ಮಾ. ಬರೇ ಮಾತಿನಾಗ ಇರೋದು ವಾಯದೆ,” ಅನ್ನುತ್ತೇನೆ. ವಾಯದೆ ಎಂದರೆ ಮುಂದಿನ ಒಂದು ದಿನಕ್ಕೆ ಇಷ್ಟು ದರದಲ್ಲಿ ಕೊಳ್ಳುತ್ತೇನೆ, ಕೊಡುತ್ತೇನೆ ಎಂಬ ಒಪ್ಪಂದ. ಮುಂಬಯಿಯಲ್ಲಿ ಕಡಲು ತುಂಬಿ ನೆಲ ಮಾಡಹೊರಟ ಬ್ಯಾಕ್ ಬೇ ಕಂಪನಿಯ 5 ಸಾವಿರದ ಷೇರು 50 ಸಾವಿರಕ್ಕೆ ಏರಿದ್ದು ಹೇಳುತ್ತೇನೆ. 1865ರಲ್ಲಿ ಯುದ್ಧ ಮುಗಿದು ಹತ್ತಿ ದರ ಕುಸಿಯಿತು. ಜುಲೈ 1ಕ್ಕೆ ವಾಯದೆಗಳ ಗಡುವು. ಕೊಡುವವರ ಕೈಯಲ್ಲಿ ಹಣವಿರಲಿಲ್ಲ. ಪ್ರೇಮಚಂದರ ಸಿರಿಯೂ ಕರಗಿತು.

ಇಲ್ಲಿಗೆ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಅವರು ಪೇಟೆ ಬಿಡಲಿಲ್ಲ. 1875ರಲ್ಲಿ ದಲಾಲರ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ಮುಂಬಯಿ ವಿಶ್ವವಿದ್ಯಾಲಯದ ಗಡಿಯಾರ ಗೋಪುರಕ್ಕೆ ಅವರು ಕುಸಿತಕ್ಕೂ ಮೊದಲೇ ಕೊಟ್ಟದ್ದು 2 ಲಕ್ಷ ರೂಪಾಯಿ. 1878ರಲ್ಲಿ ಕಟ್ಟಿ ಮುಗಿದ ಆ ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯ ಹೆಸರು.

“ಎಲ್ಲಾ ಮುಳಗಿದ ಮ್ಯಾಲೂ ಅವ್ವನ ಹೆಸರು ಉಳೀತಲ್ರಿ ಸಾವ್ಕಾರ್ರ,” ಅಂದ ಈ ಸಲ ಬಂದ ಹುಡುಗ.

ಅವನಿಗೆ ಕಿರ್ದಿ ಪುಸ್ತಕ ಕೊಟ್ಟೆ. ಎಡಕ್ಕೆ ಗೋದಾಮಿನಲ್ಲಿರುವ ಅಂಡಿಗೆ, ಬಲಕ್ಕೆ ಕೊಡುತ್ತೇವೆಂದು ಮಾತು ಕೊಟ್ಟದ್ದು. ಬಲಗಡೆಯದು ಎಡಗಡೆಯನ್ನು ದಾಟುವ ದಿನ ನನ್ನನ್ನು ಕೇಳದೆ ಬರೆಯಬೇಡ ಎಂದೆ. ಅವನು ಎಡಗಡೆ ಮೊದಲ ಸಾಲು ಬರೆದ: ಅಂಡಿಗೆ 14.