ವೆಬ್‌ಸೈಟಿಗೆ ಸಂಚಿಕೆ ಸಂಖ್ಯೆ ಹಾಕಿದ ಮೇಲೆ

ವೈಜ್ಞಾನಿಕ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯಲ್ಲಿ ವೆಬ್‌ಸೈಟ್‌ಗಳಿಗೆಂದೇ ವಿಭಾಗವಿದ್ದದ್ದು 2002 ಮತ್ತು 2005ರಲ್ಲಿ ಮಾತ್ರ. ಮೊದಲ ಸಲ ಅದು ಲೋಕಸ್ ಆನ್‌ಲೈನ್‌ಗೆ, ಎರಡನೆಯ ಸಲ ಸೈಫಿಕ್ಷನ್‌ಗೆ ಸಂದಿತು. ಬಾಸ್ಟನ್ನಿನ ಬಳಿ ಬಿಡುವಿನ ವೇಳೆಯಲ್ಲಿ ಇಂಗ್ಲಿಷ್ ವೈಜ್ಞಾನಿಕ ಕಥೆಗಳ ತಾಣ ನಡೆಸುವ ನಮ್ಮ ಐವರಿಗೆ ಉಳಿದಿದ್ದುದು ಅರೆವೃತ್ತಿಪರ ಪತ್ರಿಕೆಗಳ ವಿಭಾಗವಾದ ಸೆಮಿಪ್ರೋಝೀನ್ ಒಂದೇ.

ಮೊದಲೆರಡು ವರ್ಷ ದುಡ್ಡು ಕಳೆದುಕೊಂಡೆವು. ತಿಂಗಳಿಗೆ ಸುಮಾರು ಇಪ್ಪತ್ತು ಸಾವಿರ ಓದುಗರು ಬರುತ್ತಿದ್ದುದರಿಂದ, ನಮ್ಮ ಹೆಸರು ಸೂಚಿಸಿರೆಂದು ಮುಖಪುಟದಲ್ಲಿ ಬರೆದರೆ ಸಾಕೆಂದುಕೊಂಡಿದ್ದೆ. ಸೂಚಿಸಬಲ್ಲವರು ವರ್ಲ್ಡ್‌ಕಾನ್ ಎಂಬ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನದ ಸದಸ್ಯರು ಮಾತ್ರ, ಅದಕ್ಕಾಗಿ ಐವತ್ತು ಡಾಲರ್ ತೆರುವವರು ನಮ್ಮ ಓದುಗರಲ್ಲಿ ಎಷ್ಟು ಮಂದಿ ಎಂದು ಯೋಚಿಸಿರಲಿಲ್ಲ. ಸುಮಾರು ಮುನ್ನೂರು ಡಾಲರ್‌ಗೆ ಅಚ್ಚು ಹಾಕಿಸಿ ಸಮ್ಮೇಳನವೊಂದರಲ್ಲಿ ಹಂಚಿದ ಕಾರ್ಡುಗಳು ಮರುದಿನ ಬೆಳಿಗ್ಗೆ ಕಾಫಿ ಲೋಟಗಳ ಅಡಿಯಲ್ಲಿ ಸಿಕ್ಕವು.

ನಿಜವಾದ ತೊಡಕು ಬೇರೆಯೇ ಇತ್ತು. ಸೆಮಿಪ್ರೋಝೀನ್ ನಿಯಮ ಕೇಳುವುದು ಒಟ್ಟು ನಾಲ್ಕು ಸಂಚಿಕೆ, ಅದರಲ್ಲಿ ಒಂದಾದರೂ ಹಿಂದಿನ ಕ್ಯಾಲೆಂಡರ್ ವರ್ಷದ್ದು. ಬೇರೆ ಮಾಧ್ಯಮದಲ್ಲಿ ಅದಕ್ಕೆ ಸಮನಾದದ್ದೂ ಸಲ್ಲುತ್ತದೆಯಾದರೂ, ವಾರಕ್ಕೊಂದು ಕಥೆ ಏರಿಸುವ ತಾಣವನ್ನು ಓದುಗರು ಪತ್ರಿಕೆಯೆಂದು ನೆನೆಯುವುದೇ ಇಲ್ಲ. ಕೆಲವರು ನಮ್ಮನ್ನು ಅಭಿಮಾನಿ ಪತ್ರಿಕೆಗಳ ಫ್ಯಾನ್‌ಝೀನ್ ವಿಭಾಗದಲ್ಲಿ ಬರೆದಿದ್ದರಂತೆ, ಲೇಖಕರಿಗೆ ಹಣ ಕೊಡುವ ನಾವು ಅಲ್ಲಿಗೆ ಸಲ್ಲುವವರೇ ಅಲ್ಲ. ಹಾಗಾಗಿ ಮೂರು ತಿಂಗಳಿಗೊಂದರಂತೆ ಸಂಖ್ಯೆ, ಮುಖಚಿತ್ರ ಮತ್ತು ಇ-ಪಬ್ (ಇ-ಪುಸ್ತಕ ಕಡತ) ಸಮೇತ ಸಂಚಿಕೆ ತರೋಣವೆಂದೆ. ವೆಬ್‌ಸೈಟಿಗೂ ಸಂಚಿಕೆಯೇ ಎಂದು ಜೊತೆಯವರು ನಕ್ಕರು. ಜನವರಿಯಲ್ಲಿ ವರ್ಷದ ಆಯ್ದ ಕಥೆಗಳನ್ನು ಒಂದೇ ಕಡತವಾಗಿಸಿ ಉಚಿತವಾಗಿ ಕೊಟ್ಟೆವು. ಯಾವ ಕಥೆಯನ್ನು ಮೊದಲಿಗಿಟ್ಟೆವು, ಯಾರಿಗೆ ಮೊದಲು ಕಳಿಸಿದೆವು ಎಂಬುದು ನಮ್ಮಲ್ಲೇ ಇರಲಿ.

ನಡುವೆ ಒಂದು ಕನ್ನಡ ಕಥೆಯನ್ನು ನಾನೇ ಅನುವಾದಿಸಿ ಹಾಕಿದೆ. ನಮ್ಮ ದರ ಪದಕ್ಕೆ ಐದು ಸೆಂಟ್. ಕನ್ನಡದಲ್ಲಿ ನಾಲ್ಕು ಸಾವಿರ ಪದವಿದ್ದದ್ದು, ನಮ್ಮ ವಿಭಕ್ತಿ ಪ್ರತ್ಯಯಗಳಲ್ಲಿ ಹಲವು ಇಂಗ್ಲಿಷಿನಲ್ಲಿ ಬಿಡಿ ಪದಗಳಾದ್ದರಿಂದ, ಐದೂವರೆ ಸಾವಿರ ದಾಟಿತು. ಇನ್ನೂರು ಡಾಲರ್ ಎಂದುಕೊಂಡಿದ್ದಲ್ಲಿ ಇನ್ನೂರೆಂಬತ್ತರ ಹತ್ತಿರ ಹೋಯಿತು, ನಾನು ಅನುವಾದಕ್ಕೆ ಬಿಡಿಗಾಸೂ ಪಡೆಯಲಿಲ್ಲ. ಅದರಿಂದ ಮತವೇನೂ ಬಂದಂತಿಲ್ಲ.

ಸಂಚಿಕೆ ತರತೊಡಗಿದ ಎರಡನೆಯ ವರ್ಷ, ಪ್ರಶಸ್ತಿ ಸಮಾರಂಭ ಮುಗಿದ ರಾತ್ರಿ ಹೊರಬಿದ್ದ ಅಂಕಿಅಂಶಗಳ ಪಿಡಿಎಫ್‌ನಲ್ಲಿ, ಅಂತಿಮ ಸುತ್ತಿಗೆ ಆಯ್ಕೆಯಾದ ಆರರ ಬಹಳ ಕೆಳಗೆ, ಹದಿನಾಲ್ಕನೆಯದೋ ಹದಿನೈದನೆಯದೋ ಸಾಲಿನಲ್ಲಿ ನಮ್ಮ ಹೆಸರಿತ್ತು. ನಮ್ಮನ್ನು ಸೂಚಿಸಿದ ಮತಗಳು ನಲವತ್ತರ ಆಸುಪಾಸು. ಸಂಚಿಕೆಯೆಂದಾಗ ನಕ್ಕಿದ್ದವರಲ್ಲೊಬ್ಬ ಗೆಳೆಯನೇ ಆ ಸಾಲನ್ನು ಎಲ್ಲರಿಗೂ ಕಳಿಸಿದ. ಒಂಬತ್ತನೆಯ ಸಂಚಿಕೆಯನ್ನು ಈ ಬಾರಿ ನವೆಂಬರಿನಲ್ಲೇ ತರುತ್ತೇವೆ, ಡಿಸೆಂಬರಿನ ಕೊನೆಯಲ್ಲಿ ಬಂದದ್ದನ್ನು ಹೆಸರು ಸೂಚಿಸುವ ಗಡುವು ಮುಗಿಯುವ ಮಾರ್ಚಿನೊಳಗೆ ಓದಿ ಮುಗಿಸುವವರು ಕಡಿಮೆ.